ಅಂಗಳದ ಸಹದೇವಿ: ಗುರುತು ಹಿಡಿಯುವ ಬಗೆ, ಬೆಳೆಸುವ ಕ್ರಮ

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಕಡೆ ಅಂಗಳ ಕೆತ್ತುವ ಕೆಲಸ ಶುರುವಾಗುತ್ತದೆ. ನಾಚಿಕೆಮುಳ್ಳು, ಪಾರ್ಥೇನಿಯಂಗಳ ಜೊತೆಗೆ ಮೊಣಕಾಲೆತ್ತರದ ಇನ್ನೊಂದು ಗಿಡವೂ ಗುದ್ದಲಿಗೆ ಸಿಕ್ಕಿ ಗೊಬ್ಬರಗುಂಡಿ ಸೇರುತ್ತದೆ. ಬೂದಿ ಮೆತ್ತಿದಂಥ ಹಸಿರು ಎಲೆ, ತೆಳ್ಳನೆಯ ಕಾಂಡ, ತುದಿಯಲ್ಲಿ ಹರಡಿಕೊಂಡ ಕವಲುಗಳ ಮೇಲೆ ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದಾದ ನೇರಳೆ ಹೂಗಳು. ಇದೇ ಸಹದೇವಿ. ಬಿತ್ತಿದವರಿಲ್ಲ, ನೀರು ಹಾಕಿದವರಿಲ್ಲ. ಆದರೂ ಗೋಡೆಯ ಬುಡದಲ್ಲಿ, ಕಲ್ಲುಚಪ್ಪಡಿಯ ಸಂದಿನಲ್ಲಿ, ತೆಂಗಿನ ಕಟ್ಟೆಯ ಅಂಚಿನಲ್ಲಿ ಅದು ತನ್ನ ಪಾಡಿಗೆ ಹೂಬಿಟ್ಟು ನಿಂತಿರುತ್ತದೆ.

ಈ ಗಿಡವನ್ನು ಕುಂಡದಲ್ಲಿಟ್ಟು ಸಾಕಬೇಕೆಂದು ನನಗೆ ಅನ್ನಿಸಿದ್ದು ಒಂದು ಭೂತಗನ್ನಡಿಯಿಂದ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಕನ್ನಡಿಯನ್ನು ಹೂವಿನ ಮೇಲೆ ಹಿಡಿದಾಗ, ಒಂದೇ ಹೂ ಎಂದುಕೊಂಡದ್ದು ಇಪ್ಪತ್ತು ಹೂಗಳ ಗೊಂಚಲಾಗಿತ್ತು. ಪ್ರತಿಯೊಂದಕ್ಕೂ ಐದು ಎಸಳ ತುದಿ, ಪ್ರತಿಯೊಂದರ ನಡುವಿನಿಂದಲೂ ಎರಡಾಗಿ ಸೀಳಿ ಹಿಂದಕ್ಕೆ ಸುರುಳಿಯಾದ ಎಳೆ. ಆ ದಿನದಿಂದ ಅದನ್ನು ಕಳೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಬೆಳೆಸುವ ಮೊದಲು ಗುರುತು ಹಿಡಿಯುವುದನ್ನು ಕಲಿಯಬೇಕು. ಸಹದೇವಿಯ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಮಣ್ಣಿನಲ್ಲಿ ಆಗುವುದಿಲ್ಲ, ಹೆಸರಿನಲ್ಲಿ ಆಗುತ್ತವೆ.

ಹೆಸರಿನ ಗೊಂದಲ

ಸಸ್ಯಶಾಸ್ತ್ರದಲ್ಲಿ ಇದರ ಈಗಿನ ಹೆಸರು ಸಯಾಂಥಿಲಿಯಂ ಸಿನೇರಿಯಂ. ಹಳೆಯ ಪುಸ್ತಕಗಳಲ್ಲಿ, ಔಷಧಿ ಅಂಗಡಿಯ ಚೀಟಿಗಳಲ್ಲಿ ವೆರ್ನೋನಿಯಾ ಸಿನೇರಿಯಾ ಎಂದು ಕಾಣುತ್ತದೆ. ಎರಡೂ ಒಂದೇ ಗಿಡ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನಿಯಸ್ ಇದನ್ನು ಕೋನೈಜಾ ಎಂಬ ಕುಲದಲ್ಲಿ, ಅಂದರೆ ಹತ್ತಿರದ ನೆಂಟ ಗಿಡಗಳ ಗುಂಪಿನಲ್ಲಿ, ಇಟ್ಟಿದ್ದ. ಆಮೇಲೆ ಅದು ವೆರ್ನೋನಿಯಾಕ್ಕೆ ಹೋಯಿತು. 1990ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹೆರಾಲ್ಡ್ ರಾಬಿನ್ಸನ್ ಈಗಿನ ಕುಲಕ್ಕೆ ತಂದರು. ವೆರ್ನೋನಿಯಾ ಎಂಬುದು 1698ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಗಿಡಗಳನ್ನು ಸಂಗ್ರಹಿಸಿದ ಇಂಗ್ಲಿಷ್ ಸಸ್ಯಪ್ರೇಮಿ ವಿಲಿಯಂ ವೆರ್ನನ್ ನೆನಪಿಗೆ ಇಟ್ಟ ಹೆಸರು. ಈ ಬಳಗವನ್ನೆಲ್ಲ ಇಂಗ್ಲಿಷಿನಲ್ಲಿ ಐರನ್‌ವೀಡ್, ಅಂದರೆ ಕಬ್ಬಿಣದ ಕಳೆ ಎನ್ನುತ್ತಾರೆ. ಮುರಿಯಲು ಬಗ್ಗದ ಕಾಂಡದಿಂದ ಆ ಹೆಸರು ಬಂತೆಂದು ಕೆಲವರು, ಬಾಡಿದ ಹೂವಿನ ತುಕ್ಕು ಬಣ್ಣದಿಂದ ಬಂತೆಂದು ಕೆಲವರು ಹೇಳುತ್ತಾರೆ. ‘ಸಿನೇರಿಯಂ’ ಎಂದರೆ ಬೂದಿಬಣ್ಣದ್ದು. ನನಗೆ ಇಷ್ಟವಾಗುವುದು ಈ ಪದ, ಏಕೆಂದರೆ ದೂರದಿಂದ ಗಿಡವನ್ನು ಹಿಡಿದುಕೊಡುವುದು ಆ ಬೂದಿಯ ಛಾಯೆಯೇ.

ತೊಡಕಿರುವುದು ‘ಸಹದೇವಿ’ಯಲ್ಲಿ. ಆಯುರ್ವೇದದ ಹಳೆಯ ನಿಘಂಟುಗಳಲ್ಲಿ ಹಳದಿ ಹೂವಿನ ಮಹಾಬಲಾ ಗಿಡಕ್ಕೂ ಸಹದೇವಿ ಎಂಬ ಹೆಸರಿದೆ. ಅದು ದಾಸವಾಳದ ಕುಟುಂಬದ್ದು, ಇದು ಸೇವಂತಿಗೆಯ ಕುಟುಂಬದ್ದು; ಇವೆರಡರ ನಡುವೆ ನೆಂಟಸ್ತನವೇ ಇಲ್ಲ. ಹಾಗಾಗಿ ಯಾರಾದರೂ ‘ಇದು ಸಹದೇವಿ’ ಎಂದು ಒಣ ಬೇರನ್ನೋ ಪುಡಿಯನ್ನೋ ಕೊಟ್ಟರೆ ಅದು ಯಾವ ಸಹದೇವಿ ಎಂದು ಕೇಳಲೇಬೇಕು. ಹೂವಿರುವ ಗಿಡವನ್ನು ನೋಡದೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಗುರುತು ಹಿಡಿಯುವುದು: ಬುಡದಿಂದ ತುದಿಯವರೆಗೆ

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಹೋಗಿ. ಹೂ ಬಿರಿದಿರುತ್ತದೆ, ಬೆಳಕೂ ಚೆನ್ನಾಗಿರುತ್ತದೆ. ಗಿಡವನ್ನು ಕೀಳಬೇಡಿ. ಪಕ್ಕದಲ್ಲಿ ಕುಳಿತುಕೊಂಡು ಕೆಳಗಿನಿಂದ ಮೇಲಕ್ಕೆ ನೋಡುತ್ತ ಬನ್ನಿ.

ಮೊದಲು ಎತ್ತರ ಮತ್ತು ನಿಲುವು. ಬಡ ಮಣ್ಣಿನಲ್ಲಿ ಗೇಣುದ್ದಕ್ಕೇ ಹೂ ಬಿಟ್ಟುಬಿಡುತ್ತದೆ. ಅಡಿಕೆ ತೋಟದ ಅಂಚಿನಂಥ ಒಳ್ಳೆಯ ಜಾಗದಲ್ಲಿ ಮೂರಡಿಯವರೆಗೂ ಏರಬಹುದು. ಆದ್ದರಿಂದ ಎತ್ತರವನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ. ಅದು ನುಣ್ಣಗಿರುವುದಿಲ್ಲ, ಉದ್ದಕ್ಕೆ ಸಣ್ಣ ಗೀರುಗಳು ಬೆರಳಿಗೆ ತಾಕುತ್ತವೆ. ಮೇಲೆ ಬೂದುಬಣ್ಣದ ಸಣ್ಣ ರೋಮಗಳಿರುತ್ತವೆ. ಮುರಿದರೆ ಹಾಲು ಬರುವುದಿಲ್ಲ.

ಆಮೇಲೆ ಎಲೆ. ಇಲ್ಲಿ ನೋಡಬೇಕಾದ್ದು ಜೋಡಣೆ. ಎಲೆಗಳು ಎದುರುಬದುರಾಗಿ ಇರುವುದಿಲ್ಲ. ಒಂದು ಈ ಕಡೆ, ಇನ್ನೊಂದು ಸ್ವಲ್ಪ ಮೇಲೆ ಆ ಕಡೆ, ಹೀಗೆ ಬಿಟ್ಟು ಬಿಟ್ಟು ಹುಟ್ಟುತ್ತವೆ. ಬುಡದ ಎಲೆಗಳು ಅಗಲ, ತೊಟ್ಟಿನ ಕಡೆ ಕಿರಿದಾಗುತ್ತ ಬರುತ್ತವೆ, ಅಂಚಿನಲ್ಲಿ ಆಳವಿಲ್ಲದ ಹಲ್ಲುಗಳು. ಮೇಲೆ ಹೋದಂತೆ ಎಲೆ ಸಣ್ಣದಾಗಿ, ಕಿರಿದಾಗಿ, ಹೂವಿನ ಹತ್ತಿರ ಬರಿಯ ಗೀಟಿನಂತಾಗುತ್ತದೆ. ಒಂದೇ ಗಿಡದ ಬುಡದ ಎಲೆಯನ್ನೂ ತುದಿಯ ಎಲೆಯನ್ನೂ ಕಿತ್ತು ಅಕ್ಕಪಕ್ಕ ಇಟ್ಟರೆ ಎರಡು ಬೇರೆ ಗಿಡಗಳವು ಎನ್ನಿಸುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದು ಗಿಡದ ಹೆಸರು ಹುಡುಕುವವರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಒಂದು ಎಲೆಯ ಚಿತ್ರ ಸಾಲದು. ಬುಡ, ನಡು, ಹೂ, ಹೂವಿನ ಹಿಂಭಾಗ ಎಂದು ನಾಲ್ಕು ಚಿತ್ರಗಳಾದರೂ ಬೇಕು.

ಈಗ ಹೂವಿಗೆ ಬನ್ನಿ, ನಿಧಾನವಾಗಿ ನೋಡಿ. ಸೂರ್ಯಕಾಂತಿಯಲ್ಲಿ ನಡುವೆ ಕಂದು ತಟ್ಟೆ, ಸುತ್ತ ಹಳದಿ ಎಸಳುಗಳು ಇರುತ್ತವಷ್ಟೆ? ಸಹದೇವಿಯಲ್ಲಿ ಆ ಸುತ್ತಿನ ಎಸಳುಗಳಿಲ್ಲ. ಎಲ್ಲವೂ ನಡುವಿನ ಕೊಳವೆಯಾಕಾರದ ಕಿರುಹೂಗಳೇ. ಒಂದು ಚೆಂಡಿನಲ್ಲಿ ಸುಮಾರು ಇಪ್ಪತ್ತು, ಎಲ್ಲವೂ ಒಂದೇ ಬಣ್ಣ: ತಿಳಿ ನೇರಳೆಯಿಂದ ಕೆನ್ನೇರಳೆಯವರೆಗೆ. ನಡುವೆ ಹಳದಿಯ ಚುಕ್ಕೆ ಕಂಡಿತೋ, ಅದು ಸಹದೇವಿಯಲ್ಲ. ಈ ಒಂದು ನಿಯಮವೇ ಅಂಗಳದ ಅರ್ಧದಷ್ಟು ಗಿಡಗಳನ್ನು ಬದಿಗೆ ಸರಿಸುತ್ತದೆ.

ಹೂವನ್ನು ಬಗ್ಗಿಸಿ ಹಿಂಭಾಗ ನೋಡಿ. ಕಿರುಹೂಗಳನ್ನು ಹಿಡಿದಿಟ್ಟ ಹಸಿರು ಬಟ್ಟಲಿದೆ. ಅದು ಒಂದೇ ತುಂಡಲ್ಲ. ಚೂಪು ತುದಿಯ ಸಣ್ಣ ಸಣ್ಣ ಚಿಪ್ಪೆಲೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಹಲವು ಸುತ್ತುಗಳಲ್ಲಿ ಕುಳಿತಿವೆ. ಹೊರಗಿನವು ಗಿಡ್ಡ, ಒಳಗಿನವು ಉದ್ದ. ತುದಿಯಲ್ಲಿ ಕೆಲವೊಮ್ಮೆ ನೇರಳೆಯ ಛಾಯೆ. ಈ ಬಟ್ಟಲು ನಿಮ್ಮ ಕಣ್ಣಿಗೆ ಒಮ್ಮೆ ಪರಿಚಯವಾದರೆ ಮುಂದೆ ಹೂವಿಲ್ಲದ, ಒಣಗಿದ ಗಿಡವನ್ನೂ ಗುರುತಿಸುತ್ತೀರಿ.

ಕೊನೆಗೆ ಬೀಜ. ಹೂ ಬಾಡಿದ ಮೇಲೆ ಬಟ್ಟಲು ಬಿಚ್ಚಿಕೊಂಡು ಬಿಳಿ ರೇಷ್ಮೆಯಂಥ ಕುಚ್ಚು ಹೊರಬರುತ್ತದೆ. ಪ್ರತಿ ಕುಚ್ಚಿನ ಬುಡದಲ್ಲಿ ಒಂದೂವರೆ-ಎರಡು ಮಿಲಿಮೀಟರ್ ಉದ್ದದ ಒಂದು ಬೀಜ. ಜೀರಿಗೆಯ ಮೂರನೇ ಒಂದು ಪಾಲಿನಷ್ಟು. ಒಂದೇ ಗಿಡದಲ್ಲಿ ಮೊಗ್ಗು, ನೇರಳೆ ಹೂ, ಬಿಳಿ ಕುಚ್ಚು ಮೂರೂ ಒಟ್ಟಿಗೇ ಇರುವುದು ಸಹದೇವಿಯ ಸಾಮಾನ್ಯ ನೋಟ. ಈ ಬಿಳಿ ಕುಚ್ಚನ್ನು ನೋಡಿಯೇ ಇರಬೇಕು, ಥಾಯ್ಲೆಂಡಿನವರು ಇದನ್ನು ‘ಯಾ ಡೋಕ್ ಖಾವ್’, ಬಿಳಿ ಹೂವಿನ ಹುಲ್ಲು, ಎನ್ನುತ್ತಾರೆ.

ಮೋಸಗೊಳಿಸುವ ನಾಲ್ಕು ಗಿಡಗಳು

ಎಲ್ಲಕ್ಕಿಂತ ಹೆಚ್ಚು ಗೊಂದಲ ಎಬ್ಬಿಸುವುದು ಎಮಿಲಿಯಾ ಸೋಂಕಿಫೋಲಿಯಾ. ಮಲಯಾಳಿಗಳು ಇದನ್ನು ಮುಯಲ್‌ಚೆವಿಯನ್, ಮೊಲದ ಕಿವಿ, ಎಂದು ಕರೆಯುತ್ತಾರೆ. ಅದಕ್ಕೂ ನೇರಳೆ-ಗುಲಾಬಿ ಹೂ, ಅದಕ್ಕೂ ಬಿಳಿ ಕುಚ್ಚು, ಬೆಳೆಯುವುದೂ ಅದೇ ಜಾಗದಲ್ಲಿ. ವ್ಯತ್ಯಾಸ ಎರಡೇ, ಆದರೆ ಸ್ಪಷ್ಟ. ಎಮಿಲಿಯಾದ ಮೇಲಿನ ಎಲೆಗಳು ತೊಟ್ಟಿಲ್ಲದೆ ಕಾಂಡವನ್ನು ತಬ್ಬಿಕೊಂಡಿರುತ್ತವೆ. ಅದರ ಹಸಿರು ಬಟ್ಟಲು ನುಣ್ಣನೆಯ ಉದ್ದ ಕೊಳವೆ. ಚಿಪ್ಪೆಲೆಗಳು ಒಂದೇ ಸಾಲು, ಹೆಂಚಿನ ಜೋಡಣೆ ಇಲ್ಲ. ಹೂವಿನ ಹಿಂಭಾಗವನ್ನು ನೋಡಿ ಎಂದು ನಾನು ಒತ್ತಿ ಹೇಳಿದ್ದು ಇದಕ್ಕೇ.

ಅಜೆರಾಟಮ್‌ನದು ಸುಲಭ: ಎಲೆಗಳು ಎದುರುಬದುರು, ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ, ಹೂ ಬಿಳಿ ಅಥವಾ ತಿಳಿನೀಲಿ. ಹೂದೋಟಗಳಲ್ಲಿ ಬೆಳೆಸುವ ಸೆಂಟ್ರಥೆರಂ ಸಹದೇವಿಯ ದಾಯಾದಿಯೇ; ಅದರ ನೇರಳೆ ಚೆಂಡು ಕೋಟಿನ ಗುಂಡಿಯಷ್ಟು ದೊಡ್ಡದು, ಕೆಳಗೆ ನಿಜವಾದ ಎಲೆಗಳಂಥ ಹಸಿರು ಎಲೆಗಳ ಬಳೆ ಇರುತ್ತದೆ. ನಾಲ್ಕನೆಯದು ಕಾಡುಜೀರಿಗೆ. ಇದೂ ಕಬ್ಬಿಣದ ಕಳೆಗಳ ಬಳಗದ್ದು, ಔಷಧಿ ಅಂಗಡಿಗಳಲ್ಲಿ ಇದರ ಕಪ್ಪು, ಕಹಿ ಬೀಜ ಸಿಗುತ್ತದೆ. ಗಿಡ ದಪ್ಪ, ಎಲೆ ದೊಡ್ಡದು, ಹಲ್ಲು ಒರಟು, ಹೂಚೆಂಡು ಸಹದೇವಿಗಿಂತ ಎಷ್ಟೋ ಪಾಲು ದೊಡ್ಡದು. ಇದರ ಬೀಜದೆಣ್ಣೆಯಲ್ಲಿರುವ ವಿಶಿಷ್ಟ ಆಮ್ಲಕ್ಕೆ ವೆರ್ನೋಲಿಕ್ ಆಮ್ಲ ಎಂಬ ಹೆಸರು ಬಂದದ್ದೂ ಇದೇ ಬಳಗದ ಹೆಸರಿನಿಂದ.

ಬೀಜ ಹಿಡಿಯುವುದು

ಗುರುತು ಖಚಿತವಾಯಿತು ಎಂದಾದರೆ ಅದೇ ಗಿಡಕ್ಕೆ ಒಂದು ಬಣ್ಣದ ದಾರ ಕಟ್ಟಿ ಬನ್ನಿ. ವಾರ ಬಿಟ್ಟು ಹೋದಾಗ ಹೂವಿಲ್ಲದೆ ಹುಡುಕಾಡಬೇಕಾಗುವುದಿಲ್ಲ.

ಕುಚ್ಚು ಪೂರ್ತಿ ಬಿಚ್ಚಿಕೊಂಡು, ಬೆರಳಿನಿಂದ ಮೆಲ್ಲಗೆ ಎಳೆದರೆ ತಾನಾಗಿ ಬರುವಂತಿದ್ದರೆ ಬೀಜ ಬಲಿತಿದೆ. ಎಳೆದಾಗ ಬಟ್ಟಲೂ ಜೊತೆಗೆ ಕಿತ್ತುಬಂದರೆ ಇನ್ನೂ ಎಳೆಯದು, ಬಿಟ್ಟುಬಿಡಿ. ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು ಹೋಗುವುದು ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಅರ್ಧ ಬೀಜ ಹಾರಿಹೋಗಿರುತ್ತದೆ. ಹೂಗೊಂಚಲಿನ ಮೇಲೆ ಕಾಗದದ ಪೊಟ್ಟಣ ಮಗುಚಿ, ಗಿಡವನ್ನು ಬಗ್ಗಿಸಿ ಒಳಕ್ಕೆ ಉದುರಿಸಿಕೊಳ್ಳಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ, ಸಾಲದ್ದಕ್ಕೆ ಕುಚ್ಚೆಲ್ಲ ಚೀಲಕ್ಕೇ ಅಂಟಿಕೊಳ್ಳುತ್ತದೆ. ಮನೆಗೆ ತಂದು ಎರಡು ದಿನ ನೆರಳಿನಲ್ಲಿ ಒಣಗಿಸಿ, ಅಂಗೈಯಲ್ಲಿ ಸ್ವಲ್ಪ ಒಣ ಮರಳಿನ ಜೊತೆ ಉಜ್ಜಿದರೆ ಕುಚ್ಚು ಕಳಚಿ ಬೀಜ ಮರಳಿನಲ್ಲಿ ಉಳಿಯುತ್ತದೆ. ಈ ಮರಳನ್ನೇ ಬಿತ್ತಬೇಕು.

ಎಲ್ಲ ಗಿಡಗಳಿಂದಲೂ ಬೀಜ ಸಿಗುತ್ತದೆ ನಿಜ, ಆದರೂ ರಸ್ತೆ ಪಕ್ಕ ಮತ್ತು ಕಳೆನಾಶಕ ಹೊಡೆದ ಹೊಲದ ಬದುವಿನಲ್ಲಿ ಹಿಡಿಯಬೇಡಿ. ದಾರ ಕಟ್ಟುವಾಗಲೇ ಹಸಿರಾಗಿ, ಎಲೆಯ ನರಗಳಲ್ಲಿ ಹಳದಿ ಇಲ್ಲದ ಗಿಡವನ್ನು ಆರಿಸಿ. ಕಾರಣ ಮುಂದೆ ಹೇಳುತ್ತೇನೆ.

ಬಿತ್ತುವುದು

ನನ್ನ ಮೊದಲ ಬಿತ್ತನೆ ಪೂರ್ತಿ ಹಾಳಾಯಿತು. ಮೆಂತ್ಯ ಬಿತ್ತುವಂತೆ ಮಣ್ಣಿನಲ್ಲಿ ಗೀರು ಹಾಕಿ, ಬೀಜ ಹಾಕಿ, ಮೇಲೆ ಅರ್ಧ ಇಂಚು ಮಣ್ಣು ಮುಚ್ಚಿದ್ದೆ. ಮೂರು ವಾರವಾದರೂ ಒಂದು ಮೊಳಕೆಯೂ ಕಾಣಲಿಲ್ಲ. ಅದೇ ಕುಂಡದ ಅಂಚಿನಲ್ಲಿ, ಕೈಯಿಂದ ಜಾರಿ ಬಿದ್ದ ಬೀಜಗಳು ಮಾತ್ರ ಹುಟ್ಟಿದ್ದವು. ಆಗ ಅರ್ಥವಾಯಿತು: ಇಷ್ಟು ಸಣ್ಣ ಬೀಜಕ್ಕೆ ಮಣ್ಣಿನ ಹೊದಿಕೆ ಭಾರ, ಅದಕ್ಕೆ ಬೇಕಾದ್ದು ಬೆಳಕು. ಗಾಳಿಯಲ್ಲಿ ತೇಲಿ ಬಂದು ನೆಲದ ಮೇಲೆ ಇಳಿಯುವ ಬೀಜವನ್ನು ಯಾರೂ ಹೂಳುವುದಿಲ್ಲವಲ್ಲ.

ಕ್ರಮ ಹೀಗೆ. ಎಂಟು ಇಂಚಿನ ಮಣ್ಣಿನ ಕುಂಡ ಸಾಕು. ಅದಕ್ಕಿಂತ ಅಗಲ ಬೇಕಾಗಿಲ್ಲ, ಆದರೆ ಆಳವಿರಲಿ, ಏಕೆಂದರೆ ತಾಯಿಬೇರು ನೇರ ಕೆಳಗಿಳಿಯುತ್ತದೆ. ತಳದ ತೂತಿನ ಮೇಲೆ ಓಡಿನ ಚೂರು ಇಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಿ ತುಂಬಿ. ಕಪ್ಪು ಮಣ್ಣಿನ ಸೀಮೆಯವರು ಮರಳನ್ನು ಎರಡು ಪಾಲು ಮಾಡಿಕೊಳ್ಳಿ, ಇಲ್ಲವಾದರೆ ಕುಂಡ ಒಣಗಿದಾಗ ಮಣ್ಣು ಬಿರಿದು ಎಳೆ ಬೇರು ಹರಿಯುತ್ತದೆ. ಬಿತ್ತುವ ಹಿಂದಿನ ಸಂಜೆಯೇ ಕುಂಡಕ್ಕೆ ನೀರುಣಿಸಿ ಮಣ್ಣು ಕೂರುವಂತೆ ಮಾಡಿ.

ಮರುದಿನ ಮರಳುಬೆರೆತ ಬೀಜವನ್ನು ಚಿಟಿಕೆಯಲ್ಲಿ ತೆಗೆದುಕೊಂಡು, ರಂಗೋಲಿ ಪುಡಿ ಉದುರಿಸುವಂತೆ ಮೇಲ್ಮೈಯಲ್ಲಿ ಉದುರಿಸಿ. ಮಣ್ಣು ಮುಚ್ಚಬೇಡಿ, ಅಂಗೈಯಿಂದ ಒಮ್ಮೆ ಮೆಲ್ಲಗೆ ಒತ್ತಿದರೆ ಸಾಕು. ಮೊಳಕೆ ಬರುವವರೆಗೆ ನೀರನ್ನು ಸುರಿಯದೆ ಚಿಮುಕಿಸಬೇಕು. ಇಲ್ಲವೇ ಕುಂಡವನ್ನು ನೀರಿನ ತಟ್ಟೆಯಲ್ಲಿ ಕಾಲುಗಂಟೆ ಇಟ್ಟು ತಳದಿಂದ ಹೀರಿಕೊಳ್ಳಲು ಬಿಡಬೇಕು. ಒಂದರಿಂದ ಎರಡು ವಾರಗಳಲ್ಲಿ ಚಿಕ್ಕ ಮೊಳಕೆಗಳು ಕಾಣುತ್ತವೆ. ಮಣ್ಣಿನಲ್ಲಿ ಮೊದಲೇ ಇದ್ದ ಬೇರೆ ಬೀಜಗಳೂ ಜೊತೆಗೆ ಹುಟ್ಟುವುದರಿಂದ, ನಾಲ್ಕು ನಿಜವಾದ ಎಲೆ ಬಂದು ಬೂದಿಯ ರೋಮ ಕಾಣುವವರೆಗೆ ಏನನ್ನೂ ಕೀಳಬೇಡಿ.

ಕಾಲದ ಮಾತು. ಬಯಲುಸೀಮೆಯಲ್ಲಿ ಆರಿದ್ರಾ ಮಳೆಯ ಹೊತ್ತಿಗೆ, ಅಂದರೆ ಜೂನ್ ಕೊನೆಗೆ, ಬಿತ್ತಿದರೆ ಆಮೇಲಿನ ಕೆಲಸವನ್ನು ಮಳೆಯೇ ನೋಡಿಕೊಳ್ಳುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಅದೇ ಮಳೆ ಬೀಜವನ್ನು ತೊಳೆದುಕೊಂಡು ಹೋಗುತ್ತದೆ. ಅಲ್ಲಿ ಸೂರಿನ ನೀರು ಬೀಳದ ಜಗುಲಿಯ ಅಂಚಿನಲ್ಲಿ ಸಸಿ ಮಾಡಿಕೊಳ್ಳಿ, ಇಲ್ಲವೇ ಮಳೆಯ ಅಬ್ಬರ ಇಳಿಯುವ ಸೆಪ್ಟೆಂಬರ್‌ವರೆಗೆ ಕಾಯಿರಿ. ಬೆಂಗಳೂರು, ಮೈಸೂರಿನ ಬಾಲ್ಕನಿಗಳಲ್ಲಿ ಚಳಿಯ ಡಿಸೆಂಬರ್ ಬಿಟ್ಟು ಯಾವಾಗ ಬೇಕಾದರೂ ಪ್ರಯತ್ನಿಸಬಹುದು.

ಸಸಿ ಬೆರಳುದ್ದವಾದಾಗ ಕುಂಡಕ್ಕೆ ಮೂರನ್ನು ಉಳಿಸಿ. ಉಳಿದವನ್ನು ಬೇರೆಡೆ ನೆಡುವುದಿದ್ದರೆ ಅದೇ ಹೊತ್ತಿಗೆ, ಸಂಜೆ, ಬೇರಿನ ಸುತ್ತಲಿನ ಮಣ್ಣಿನ ಸಮೇತ ಎತ್ತಿ. ಅಂಗಳದಲ್ಲಿ ಹೂಬಿಟ್ಟು ನಿಂತ ದೊಡ್ಡ ಗಿಡವನ್ನು ಕಿತ್ತು ಕುಂಡಕ್ಕೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ತಾಯಿಬೇರು ತುಂಡಾಗಿ ಎರಡೇ ದಿನದಲ್ಲಿ ಅದು ಜೋತುಬೀಳುತ್ತದೆ, ದಯವಿಟ್ಟು ಬೇಡ.

ಆರೈಕೆ

ಇಲ್ಲಿ ಹೇಳಲು ಹೆಚ್ಚಿಲ್ಲ, ಅದೇ ಈ ಗಿಡದ ದೊಡ್ಡ ಗುಣ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು, ಮೇಲ್ಮಣ್ಣು ಒಣಗಿದಾಗ ನೀರು. ನೆರಳಿನಲ್ಲಿಟ್ಟರೆ ಸಾಯುವುದಿಲ್ಲ, ಆದರೆ ಕಡ್ಡಿಯಂತೆ ಉದ್ದವಾಗಿ ಬಾಗಿಬಿಡುತ್ತದೆ. ಗೊಬ್ಬರದ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಗುಲಾಬಿಗೆ ಹಾಕುವಂತೆ ಹಾಕಿದರೆ ಎಲೆ ದೊಡ್ಡದಾಗುತ್ತದೆ, ಬೂದಿಬಣ್ಣ ಹೋಗುತ್ತದೆ, ಹೂ ತಡವಾಗುತ್ತದೆ.

ಒಂದು ಕೆಲಸ ಮಾತ್ರ ಮರೆಯದೆ ಮಾಡಿ. ಗಿಡ ಗೇಣುದ್ದವಾದಾಗ ತುದಿಯ ಕುಡಿಯನ್ನು ಚಿವುಟಿ. ಕೆಳಗಿನ ಎಲೆಗಳ ಕಂಕುಳಿಂದ ನಾಲ್ಕಾರು ಕವಲುಗಳು ಒಡೆದು, ಒಂದೇ ಕೋಲಿನಂತಿದ್ದ ಗಿಡ ಪೊದೆಯಾಗುತ್ತದೆ. ಬಿತ್ತಿ ಎರಡು-ಮೂರು ತಿಂಗಳಿಗೆ ಹೂ ಬರುತ್ತದೆ. ಒಂದೊಂದು ಹೂವಾಗಿ ನೋಡಿದರೆ ಇದು ಕಣ್ಣು ಸೆಳೆಯುವ ಗಿಡವಲ್ಲ. ಹತ್ತು ಗಿಡಗಳನ್ನು ಹತ್ತಿರ ಹತ್ತಿರ ಬೆಳೆಸಿದಾಗ ಮಾತ್ರ ಕುಂಡಗಳ ಮೇಲೆ ನೇರಳೆಯ ಮಂಜು ಕೂತಂತಾಗುತ್ತದೆ. ಆಗ ಬರುವ ಅತಿಥಿಗಳೇ ಬೇರೆ: ಬೆರಳುಗುರಿನಷ್ಟಿರುವ ನೀಲಿ ಚಿಟ್ಟೆಗಳು, ದಾಸವಾಳದ ಕಡೆ ತಿರುಗಿಯೂ ನೋಡದ ಸಣ್ಣ ಸಣ್ಣ ಜೇನುಗಳು. ಬಾಲ್ಕನಿಯಲ್ಲಿ ಮಕ್ಕಳಿದ್ದರೆ ಭೂತಗನ್ನಡಿಯನ್ನು ಕುಂಡದ ಪಕ್ಕದಲ್ಲೇ ನೇತುಹಾಕಿ.

ರೋಗ, ಕೀಟ

ಹಿಟ್ಟು ತಿಗಣೆ ಮತ್ತು ಹೇನು ಎಳೆಯ ಕುಡಿಗೆ ಬರುತ್ತವೆ. ಮೊದಲು ನೀರಿನ ರಭಸದಿಂದ ತೊಳೆಯಿರಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ, ಬಿಸಿಲಿಳಿದ ಮೇಲೆ ಎಲೆಯ ಹಿಂಭಾಗಕ್ಕೆ ಸಿಂಪಡಿಸಿ. ಬಿರಿದ ಹೂವಿಗೆ ಹೊಡೆಯಬೇಡಿ, ಅಲ್ಲಿ ಜೇನು ಕೂರುತ್ತದೆ.

ಇದಕ್ಕಿಂತ ಗಂಭೀರವಾದ್ದು ನರ ಹಳದಿಯಾಗುವ ರೋಗ. ಎಲೆ ಹಸಿರಾಗಿಯೇ ಇದ್ದು ನರಗಳು ಮಾತ್ರ ಬಂಗಾರದ ಬಲೆಯಂತೆ ಹಳದಿಯಾಗುತ್ತವೆ. ನೋಡಲು ಚೆಂದ, ಎಷ್ಟೋ ಜನ ಇದನ್ನು ಬೇರೊಂದು ಜಾತಿ ಎಂದುಕೊಂಡು ಜೋಪಾನ ಮಾಡುವುದುಂಟು. ಅದು ವೈರಸ್; ಮದುರೆಯ ಸಹದೇವಿ ಗಿಡಗಳಿಂದಲೇ ಗುರುತಿಸಿ ವೆರ್ನೋನಿಯಾ ಹಳದಿ ನರ ವೈರಸ್ ಎಂದು ಹೆಸರಿಟ್ಟಿದ್ದಾರೆ. ಇಂಥ ವೈರಸ್‌ಗಳನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿನೊಣ. ಔಷಧಿಯಿಲ್ಲ. ಕಂಡ ಗಿಡವನ್ನು ಬೇರುಸಹಿತ ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿ. ಬೀಜ ಹಿಡಿಯುವಾಗ ನರ ನೋಡಿ ಎಂದದ್ದು ಆರೋಗ್ಯವಾದ ತಾಯಿಗಿಡದಿಂದಲೇ ಶುರುಮಾಡಲಿ ಎಂದು.

ಬಾಯಿಗೆ ಹಾಕುವ ಮೊದಲು

ಇದನ್ನು ಓದುವವರಲ್ಲಿ ಅರ್ಧದಷ್ಟು ಜನ ಸಹದೇವಿಯನ್ನು ಹುಡುಕಿಕೊಂಡು ಬರುವುದು ಔಷಧಿಗಾಗಿ ಎಂದು ನನಗೆ ಗೊತ್ತಿದೆ. ಜ್ವರಕ್ಕೆ ಸಹದೇವಿ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಕೇರಳದಲ್ಲಿ ಇದು ದಶಪುಷ್ಪಗಳಲ್ಲಿ, ಅಂದರೆ ಪವಿತ್ರವೆಂದು ಎಣಿಸುವ ಹತ್ತು ಗಿಡಗಳಲ್ಲಿ, ಒಂದು. ಪೂವಾಂಕುರುನ್ನಿಲ ಎಂಬ ಹೆಸರಿನಲ್ಲಿ ಕರ್ಕಾಟಕ ತಿಂಗಳಲ್ಲಿ, ನಮ್ಮ ಕರಾವಳಿಯ ಆಟಿಯ ಹೊತ್ತಿಗೆ, ಇದಕ್ಕೆ ಬೇಡಿಕೆ. ಅಲ್ಲಿ ತಿರುವಾದಿರೆ ಹಬ್ಬದ ದಿನ ಹೆಂಗಸರು ದಶಪುಷ್ಪವನ್ನು ಮುಡಿಯುತ್ತಾರೆ. ಥಾಯ್ಲೆಂಡಿನಲ್ಲಿ ಧೂಮಪಾನ ಬಿಡಿಸಲು ಇದರ ಚಹಾವನ್ನು ಬಳಸುತ್ತಾರೆ, ಅಲ್ಲಿನ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲೂ ಇದು ಸೇರಿದೆ.

ಇಷ್ಟೆಲ್ಲ ಇದ್ದರೂ ಒಂದು ಮಾತನ್ನು ಮುಚ್ಚಿಡಲಾರೆ. ಈ ಗಿಡದಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ಗುಂಪಿನ ರಾಸಾಯನಿಕಗಳು ಇರುವುದು ಪತ್ತೆಯಾಗಿದೆ. ಇವು ಯಕೃತ್ತಿಗೆ, ಅಂದರೆ ಲಿವರ್‌ಗೆ, ಹಾನಿ ಮಾಡಬಲ್ಲವು. ಸ್ವಲ್ಪ ಸ್ವಲ್ಪವೇ ದಿನಗಟ್ಟಲೆ ಸೇವಿಸಿದರೂ ಅಪಾಯವಿದೆ, ಕುದಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಆದ್ದರಿಂದ ಮನೆಯ ಕುಂಡದ ಸೊಪ್ಪನ್ನು ದಿನವೂ ಕಷಾಯ ಮಾಡಿ ಕುಡಿಯುವುದು ಬೇಡ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಲಿವರ್ ತೊಂದರೆಯಿರುವವರು ಮುಟ್ಟಲೇಬಾರದು. ಚಿಕಿತ್ಸೆಗೆ ಬೇಕೆಂದರೆ ಕಲಿತ ಆಯುರ್ವೇದ ವೈದ್ಯರ ಮುಂದೆ ಕುಳಿತು ಕೇಳಿ, ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳನ್ನೂ ಹೇಳಿ. ನಾನು ಬೆಳೆಸುವುದು ನೋಡುವುದಕ್ಕೆ, ಚಿಟ್ಟೆಗೆ ಮತ್ತು ಬೀಜಕ್ಕೆ.

ಇದೇ ಬಳಗದ ಬೇರೆ ಗಿಡಗಳು ಬೇಕೆಂದರೆ

ಬೆಂಗಳೂರಿನ ಎತ್ತರದ ಕಟ್ಟಡಗಳ ಮೇಲಿನಿಂದ ಹಸಿರು ಪರದೆಯಂತೆ ಇಳಿಬಿದ್ದ ಬಳ್ಳಿಯನ್ನು ನೀವು ನೋಡಿರುತ್ತೀರಿ. ನರ್ಸರಿಯಲ್ಲಿ ಕರ್ಟನ್ ಕ್ರೀಪರ್ ಎಂದು ಕೇಳಿದರೆ ಕೊಡುತ್ತಾರೆ. ಅದೂ ವೆರ್ನೋನಿಯಾ ಬಳಗದ್ದೇ, ಈಗಿನ ಹೆಸರು ಟಾರ್ಲ್‌ಮೌನಿಯಾ ಎಲಿಪ್ಟಿಕಾ, ಮ್ಯಾನ್ಮಾರ್ ಕಡೆಯದು. ಬೀಜದ ಗೋಜಿಲ್ಲ, ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟರೆ ಚಿಗುರುತ್ತದೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಇದೇ ಬಳಗದ ಒಂದು ಸದಸ್ಯ ದೊಡ್ಡ ಮರವಾಗಿಯೇ ಬೆಳೆಯುತ್ತದೆ. ಸೇವಂತಿಗೆಯ ಕುಟುಂಬದಲ್ಲಿ ಮರಗಳು ಅಪರೂಪ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಬೇರೆಯದೇ ಸಲಹೆ. ಊರಿನಿಂದ ಸಹದೇವಿ ಬೀಜ ಒಯ್ಯಬೇಡಿ. ಬೀಜ ಒಯ್ಯಲು ಅನುಮತಿ ಬೇಕು ಎಂಬುದು ಒಂದು ಕಾರಣ. ಗಾಳಿಯಲ್ಲಿ ಹಾರುವ ಈ ಬೀಜ ಹೊರನಾಡಿನಲ್ಲಿ ಹಬ್ಬಿಕೊಳ್ಳುತ್ತದೆ, ಫ್ಲಾರಿಡಾದಲ್ಲಿ ಈಗಾಗಲೇ ಹಬ್ಬಿದೆ ಎಂಬುದು ಇನ್ನೊಂದು. ಅಲ್ಲಿನ ನೆಲದ್ದೇ ಆದ ಚೆಂದದ ಐರನ್‌ವೀಡ್‌ಗಳಿವೆ. ನ್ಯೂಜೆರ್ಸಿ ಸುತ್ತಮುತ್ತ ಇರುವವರು ವೆರ್ನೋನಿಯಾ ನೊವೆಬೊರಾಸೆನ್ಸಿಸ್ ಹುಡುಕಿ: ಆಳೆತ್ತರದ ಗಿಡ, ತೇವದ ನೆಲ ಬೇಕು, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಗಾಢ ನೇರಳೆ ಹೂ. ಶಿಕಾಗೋ ಕಡೆಯವರಿಗೆ ವೆರ್ನೋನಿಯಾ ಫ್ಯಾಸಿಕ್ಯುಲೇಟಾ ಇದೆ. ಜಾಗ ಕಡಿಮೆಯಿದ್ದರೆ ಅರ್ಕಾನ್ಸಾದ ವೆರ್ನೋನಿಯಾ ಲೆಟರ್‌ಮನಿಯಿಯಿಂದ ಆರಿಸಿದ ‘ಐರನ್ ಬಟರ್‌ಫ್ಲೈ’ ಎಂಬ ಗಿಡ್ಡ ತಳಿ ಸಿಗುತ್ತದೆ. ನಮ್ಮ ಸಹದೇವಿಯಂತಲ್ಲ ಇವು. ವರ್ಷವರ್ಷವೂ ಬುಡದಿಂದ ಚಿಗುರುತ್ತವೆ, ಮತ್ತು ಬೀಜಕ್ಕೆ ಚಳಿ ತಾಕದೆ ಮೊಳಕೆ ಸರಿಯಾಗಿ ಬರುವುದಿಲ್ಲ. ಚಳಿಗಾಲಕ್ಕೆ ಮುಂಚೆ ಹೊರಗೆ ಬಿತ್ತಿ ಬಿಟ್ಟರೆ ಹಿಮವೇ ಆ ಕೆಲಸ ಮಾಡುತ್ತದೆ.

ವರ್ಷದ ಕೊನೆಯಲ್ಲಿ

ಕುಂಡದ ಸಹದೇವಿ ಕೆಲವು ತಿಂಗಳು ಹೂಬಿಟ್ಟ ಮೇಲೆ ಬುಡದ ಎಲೆ ಒಣಗಿ, ಕಾಂಡ ಕಟ್ಟಿಗೆಯಾಗುತ್ತದೆ. ಆಗ ನೀರು ಹಾಕಿ ಉಳಿಸಿಕೊಳ್ಳಲು ಹೆಣಗುವುದಕ್ಕಿಂತ ಹೊಸದಾಗಿ ಬಿತ್ತುವುದೇ ಸರಿ. ಪಕ್ಕದಲ್ಲಿ ತರಕಾರಿ ಮಡಿ ಇರುವವರು ಹೆಚ್ಚಿನ ಹೂಚೆಂಡುಗಳನ್ನು ಕುಚ್ಚು ಬಿಚ್ಚುವ ಮೊದಲೇ ಕತ್ತರಿಸಿಬಿಡಿ, ಇಲ್ಲವಾದರೆ ಮುಂದಿನ ಮಳೆಗೆ ಬದನೆಯ ಸಾಲಿನಲ್ಲೆಲ್ಲ ಇದೇ ಎದ್ದಿರುತ್ತದೆ. ಕುಂಡದಲ್ಲಿ ಆರೋಗ್ಯವಾಗಿರುವ ಎರಡು ಗಿಡಗಳನ್ನು ಮಾತ್ರ ಬೀಜಕ್ಕೆ ಬಿಡಿ. ಮರಳಿನಲ್ಲಿ ಉಜ್ಜಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹಿಡಿದ ತಿಂಗಳು ಮತ್ತು ಜಾಗವನ್ನು ಮೇಲೆ ಬರೆದು, ಒಣಗಿದ ಡಬ್ಬಿಯಲ್ಲಿಡಿ. ಮುಂದಿನ ಮುಂಗಾರಿಗೇ ಬಿತ್ತಿ ಮುಗಿಸಿ, ವರ್ಷಗಟ್ಟಲೆ ಇಡಬೇಡಿ. ಅಂಗಳ ಕೆತ್ತಲು ಬರುವವರಿಗೆ ದಾರ ಕಟ್ಟಿದ ಗಿಡವನ್ನು ಮೊದಲೇ ತೋರಿಸಿಡಿ.